ಮೇಕೆ ಅಂತ ಬರೀಬೇಡಿ

ಅದು ಶುರುವಾದದ್ದು ಅವರೆಕಾಯಿ ಕಾಲದ ಕೊನೆಯಲ್ಲಿ, ಸಂಕ್ರಾಂತಿ ಕಳೆದ ಎರಡನೇ ಶುಕ್ರವಾರ, ಮಧ್ಯಾಹ್ನ ಎರಡೂವರೆಯ ಆಟಕ್ಕೆ.

ನನ್ನ ಮಗ ಮುರಳಿ ಅತ್ತಿಬೆಲೆಯ ಕೈಗಾರಿಕಾ ಪ್ರದೇಶದಲ್ಲಿ ನಟ್ಟು ಬೋಲ್ಟು ಮಾಡುವ ಕಂಪನಿಯಲ್ಲಿದ್ದಾನೆ. ಅವತ್ತು ಅವನಿಗೆ ವಾರದ ರಜೆ. ನಾನು ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ.

"ಅಪ್ಪಾ, ಎದ್ದೇಳು, ಕರಿತೋಳ ಬಂದೈತೆ" ಎಂದ.

ನಾನು ಗಾಬರಿಯಿಂದ ಕೋಳಿಗೂಡಿನ ಕಡೆ ತಿರುಗಿದೆ.

"ಅಯ್ಯೋ, ಸಿನಿಮಾ ಅಪ್ಪಾ. ನಿಂದೇ ಸಿನಿಮಾ. ಇನ್ನೊಂದ್ಸಲ ತೆಗ್ದವ್ರೆ."

ನಂದೇ ಸಿನಿಮಾ ಎಂದದ್ದಕ್ಕೆ ಇಲ್ಲಿ ಒಂದೆರಡು ಮಾತು ಬೇಕು. ನಲವತ್ತಾರು ವರ್ಷದ ಹಿಂದೆ 'ಕರಿತೋಳ' ಎಂಬ ಚಿತ್ರವನ್ನು ನಮ್ಮೂರ ರಾಗಿ ಹೊಲದಲ್ಲೇ ತೆಗೆದರು. ಹುಣ್ಣಿಮೆ ಬಂದರೆ ತೋಳವಾಗುವ ಒಬ್ಬ ಸಾಹುಕಾರನ ಕಥೆ. ಸಾಹುಕಾರನ ಪಾತ್ರಕ್ಕೆ ಮದರಾಸಿನಿಂದ ಒಬ್ಬ ಕೆಂಪಗಿನ ಹೀರೋ ಬಂದಿದ್ದ. ಚರ್ಮ ಹೊದ್ದರೆ ಮೈ ಕೆರೆಯುತ್ತದೆ ಎಂದು ಅವನು ತೋಳವಾಗಲು ಒಪ್ಪಲಿಲ್ಲ. ಶೂಟಿಂಗಿನವರಿಗೆ ನೀರು ಹೊರುತ್ತಿದ್ದ ನನ್ನನ್ನು ಮೇಕಪ್ಪಿನ ದಸ್ತಗೀರ್ ಸಾಬರು ನೋಡಿ, "ಈ ಹುಡ್ಗ ನಡೆದ್ರೆ ಸದ್ದೇ ಆಗಲ್ಲ, ಇವನ್ನ ಕೊಡಿ" ಎಂದರು. ಹೀಗೆ ಚಂದ್ರ ಮೂಡುವ ತನಕ ಅವನು ಹೀರೋ, ಮೂಡಿದ ಮೇಲೆ ನಾನು.

ಆ ಚರ್ಮವನ್ನು ದಸ್ತಗೀರ್ ಸಾಬರು ಹನ್ನೊಂದು ದಿನ ಕೂತು ಕೈಯಲ್ಲೇ ಹೊಲಿದರು. ಶೂಟಿಂಗು ಮುಗಿದ ದಿನ ಅದನ್ನು ಮಡಚಿ ನನ್ನ ಕೈಗೆ ಕೊಟ್ಟು, "ನಲ್ಲಪ್ಪಾ, ಇದು ಯಾತರಲ್ಲಿ ಮಾಡಿದ್ದು ಅಂತ ಯಾರಿಗೂ ಬೋಲ್ನಾ ನೈ. ಜನಕ್ಕೆ ಗೊತ್ತಾದ ದಿನ ತೋಳ ಸತ್ತೋಗ್ತದೆ" ಎಂದು ತಲೆ ಮುಟ್ಟಿಸಿ ಮಾತು ತೆಗೆದುಕೊಂಡರು. ಪರದೆಯ ಮೇಲೆ ಅವರ ಹೆಸರೂ ಬರಲಿಲ್ಲ, ನನ್ನ ಹೆಸರೂ ಬರಲಿಲ್ಲ. ಹೀರೋನ ನಾಯಿಯ ಹೆಸರು ಬಂತು. ನಮ್ಮಿಬ್ಬರ ಪಾಲಿಗೆ ಉಳಿದದ್ದು ಜನ ಹೆದರಿದ್ದು ಒಂದೇ.

ಹೆದರಿದ್ದು ಅಂದರೆ ಸಾಮಾನ್ಯವಾಗಿ ಅಲ್ಲ. ಸರ್ಜಾಪುರದ ಟೆಂಟಿನಲ್ಲಿ ಮೊದಲ ದಿನ ತೋಳ ಪರದೆಗೆ ಬಂದಾಗ ಮುಂದಿನ ಮಣ್ಣಿನಲ್ಲಿ ಕೂತಿದ್ದವರು ಎದ್ದು ಹಿಂದಿನ ಬೆಂಚಿನವರ ಮಡಿಲಿಗೆ ಬಂದರು. ಬೆಂಚಿನವರು ಟೆಂಟಿನ ಬಟ್ಟೆ ಎತ್ತಿಕೊಂಡು ಹೊಲಕ್ಕೆ ಬಿದ್ದರು. ನಮ್ಮೂರ ವೆಂಕಟಪ್ಪ ಓಡುವ ಭರದಲ್ಲಿ ಟೆಂಟಿನ ಕಂಬಕ್ಕೆ ಗುದ್ದಿಕೊಂಡು ಮುಂದಿನ ಹಲ್ಲು ಕಳಕೊಂಡ. ನಾನು ಹೆಣ್ಣು ನೋಡಲು ಹೋದಾಗ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಅದು ಇವ್ರೇನಾ?" ಹೌದು ಅಂದರು. ಮದುವೆಯಾದ ಮೂರು ತಿಂಗಳು ಮಾರಕ್ಕ ನನ್ನ ಮುಖ ನೋಡದೆಯೇ ಮುದ್ದೆ ಇಕ್ಕಿದಳು.

ಇಷ್ಟು ಗೌರವ ಇದ್ದ ತೋಳವನ್ನು ಮತ್ತೆ ತೆಗೆದಿದ್ದಾರೆ ಎಂದರೆ ಹೋಗದೆ ಇರುವುದು ಹೇಗೆ? ಬೊಮ್ಮನಹಳ್ಳಿ ಕಡೆಯ ಮಾಲಿಗೆ ಹೋದೆವು.

ಹೊಸ ಹೀರೋ ಚಂದ್ರನನ್ನು ಕಂಡ ಕೂಡಲೇ ಮೊದಲು ಅಂಗಿ ಬಿಚ್ಚಿದ. ಆಮೇಲೆ ಎಡಕ್ಕೊಂದು ಸಲ, ಬಲಕ್ಕೊಂದು ಸಲ ತಿರುಗಿ ಎದೆ ತೋರಿಸಿದ. ಅದಾದ ಮೇಲೆ ಬಿಡುವು ಮಾಡಿಕೊಂಡು ತೋಳವಾದ. ತೋಳವಾದ ಮೇಲೂ ಹೊಟ್ಟೆಯ ಮೇಲಿನ ಆರು ಗಂಟುಗಳು ಹಾಗೇ ಇದ್ದವು. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯಿಂದ ಹಾರಿ ಲಾರಿಯ ಮೇಲೆ ಬಿತ್ತು. ಲಾರಿಯಿಂದ ಹಾರಿ ಹೆಲಿಕಾಪ್ಟರ್ ಹಿಡಿಯಿತು. ಒಂದೇ ಸಮನೆ ಕೂಗುತ್ತಿತ್ತು. ಅಷ್ಟು ಕೂಗುವ ಪ್ರಾಣಿಗೆ ಬೇಟೆ ಹೇಗೆ ಸಿಗುತ್ತದೆ ಎಂದು ನಾನು ಯೋಚಿಸುತ್ತಿದ್ದೆ.

ಸುತ್ತ ನೋಡಿದೆ. ನನ್ನ ಬಲಗಡೆಯವನು, ತೋಳ ಒಬ್ಬನ ಕುತ್ತಿಗೆ ಕಚ್ಚುತ್ತಿರುವಾಗ, ಫೋನಿನಲ್ಲಿ "ಹಾಂ ಹಾಂ, ಇವತ್ತೇ ಡಿಪ್ಲಾಯ್ ಮಾಡ್ತೀವಿ, ಡೋಂಟ್ ವರಿ" ಎಂದು ಯಾರಿಗೋ ಧೈರ್ಯ ಹೇಳುತ್ತಿದ್ದ. ಮುಂದಿನ ಸಾಲಿನ ಹುಡುಗಿಯರು ತೋಳಕ್ಕೆ ಬೆನ್ನು ಕೊಟ್ಟು, ತೋಳವೂ ಬರುವ ಹಾಗೆ ತಮ್ಮದೇ ಫೋಟೊ ತೆಗೆಯುತ್ತಿದ್ದರು. ಒಂದು ಮಗು ಮಾತ್ರ ಅಳುತ್ತಿತ್ತು. ಅದಕ್ಕೆ ಏಸಿ ಜಾಸ್ತಿಯಾಗಿತ್ತು.

ಈಗ ಸಿನಿಮಾ ನೋಡುವುದಕ್ಕಿಂತ ನೋಡಿ ಬಂದು ಹೇಳುವುದು ದೊಡ್ಡ ಕೆಲಸ. ಹೊರಗೆ ಬಾಗಿಲಲ್ಲೇ ಮೈಕು ಹಿಡಿದು ಒಬ್ಬ ಹುಡುಗಿ ನಿಂತಿದ್ದಳು. ಹೆಸರು ನಿವೇದಿತಾ, ಯೂಟ್ಯೂಬ್ ಚಾನೆಲ್ಲಿನವಳು. ಬಂದವರನ್ನೆಲ್ಲ ಕೇಳುತ್ತಿದ್ದಳು, ಬಂದವರೆಲ್ಲ ಹೇಳುತ್ತಿದ್ದರು.

"ಸಕ್ಕತ್ ಗುರೂ! ಹತ್ತಕ್ಕೆ ಹನ್ನೊಂದು!"

"ಮೈಯೆಲ್ಲ ಜುಮ್ ಅಂತು ಕಣ್ರೀ. ಫ್ಯಾಮಿಲಿ ಸಮೇತ ಬಂದ್ ನೋಡಿ."

ಡಿಪ್ಲಾಯ್ ಮಾಡುತ್ತಿದ್ದವನೂ ಬಂದ. "ಸೀಟಿನ ತುದೀಲಿ ಕೂತ್ಬಿಟ್ಟಿದ್ದೆ ಮೇಡಂ. ಉಸಿರೇ ಆಡ್ಲಿಲ್ಲ" ಎಂದ.

ಆಮೇಲೆ ಮೈಕು ನನ್ನ ಮೂಗಿಗೆ ಬಂತು.

"ತಾತ, ಹೇಗಿತ್ತು? ಭಯ ಆಯ್ತಾ?"

"ಆಯ್ತವ್ವ."

"ಯಾವ ಸೀನಲ್ಲಿ ತಾತ?"

"ಅಲ್ಲಿ ಮೆಟ್ಲು ತಾನಾಗೇ ಓಡ್ತದಲ್ಲ, ಅದ್ರ ಮ್ಯಾಲೆ ಕಾಲಿಕ್ಕುವಾಗ."

"ಅಯ್ಯೋ, ತೋಳ ನೋಡಿ ತಾತ!"

"ಅದು ತೋಳ ಅಲ್ಲ ಕಣವ್ವ. ಜಿಮ್ಮಿಗೆ ಓಗ್ಬಂದಿರೋ ಕತ್ತೆ."

ಮುರಳಿ ನನ್ನ ಸೊಂಟ ಚಿವುಟಿದ. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಆ ಹುಡುಗಿ ನಕ್ಕು, "ತಾತಂಗೆ ಅಸಲಿ ತೋಳ ಗೊತ್ತಿರೋ ಹಾಗಿದೆ" ಎಂದು ಸುತ್ತಲಿನವರಿಗೆ ಕಣ್ಣು ಹೊಡೆದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬರುವುದು ಅಪರೂಪ. ಬಂದರೆ ಅದು ಸಣ್ಣ ದನಿಯಲ್ಲಿ ಬರುತ್ತದೆ.

"ಗೊತ್ತು. ಅಸಲಿ ತೋಳದ ಚರ್ಮ ನಮ್ಮನೆ ಟ್ರಂಕಲ್ಲೈತೆ. ಅತ್ತಿಬೆಲೆ, ಮಾರಮ್ಮನ ಗುಡಿ ಇಂದ್ಗಡೆ ಬೀದಿ, ಅಸ್ರು ಬಾಗ್ಲು. ಬಂದ್ ನೋಡಿ, ಆಮ್ಯಾಕೆ ನಗಿ."

ಮನುಷ್ಯ ಸುಳ್ಳು ಹೇಳುವಾಗ ವಿಳಾಸ ಕೊಡಬಾರದು ಎಂಬ ಬುದ್ಧಿ ನನಗೆ ಬಂದದ್ದು ಬಸ್ಸು ಹತ್ತಿದ ಮೇಲೆ.

ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ದ್ವಾರಕಾನಾಥರು ಫೋನು ಹಿಡಿದು ಬಂದರು. ಇವರು ಸರ್ಕಾರಿ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಮೂವತ್ತಾರು ವರ್ಷ ಇದ್ದು ನಿವೃತ್ತರಾದವರು. ಮೂವತ್ತಾರು ವರ್ಷ ಎದುರಿಗೆ ಬಂದ ಪ್ರತಿಯೊಂದಕ್ಕೂ ಪಾಸು ಇಲ್ಲವೆ ರಿಜೆಕ್ಟು ಎಂದು ಹೇಳಿದ ಬಾಯಿ, ನಿವೃತ್ತಿಯಾದ ಮೇಲೂ ನಿಂತಿರಲಿಲ್ಲ. ಮಾರಕ್ಕನ ರೊಟ್ಟಿ ಎರಡು ಸಲ ರಿಜೆಕ್ಟಾಗಿತ್ತು.

"ನಲ್ಲಪ್ಪನವರೇ, ನಿಮ್ಮನ್ನ ಎಂಟು ಲಕ್ಷ ಜನ ನೋಡಿದಾರೆ ಕಣ್ರೀ. ಕೆಳಗೆ ಬರೆದಿರೋದನ್ನ ಓದ್ತೀನಿ ಕೇಳಿ" ಎಂದು ಕಟ್ಟೆಯ ಮೇಲೆ ಕೂತರು. "'ತಾತ ಬೆಂಕಿ.' 'ತಾತನ್ನೇ ಹೀರೋ ಮಾಡ್ಬೇಕಿತ್ತು.' 'ಕತ್ತೆಗೆ ಅವಮಾನ ಮಾಡ್ಬೇಡಿ ತಾತ.' ಇದು ನೋಡಿ, ಇದು ಮುಖ್ಯ: 'ತೋಳದ ಚರ್ಮ ಮನೇಲಿಡೋದು ಅಪರಾಧ. ಅರಣ್ಯ ಇಲಾಖೆಗೆ ಕಳಿಸಿದ್ದೀನಿ.' ಯಾರೋ ಪ್ರಾಣಿದಯೆಯವರು."

"ಅಪರಾಧ ಏನ್ ಸಾರ್? ಅದು ಅಳೇದು."

"ಹಳೇದೋ ಹೊಸದೋ, ತೋಳ ಮೊದಲನೇ ಪಟ್ಟಿಯ ಪ್ರಾಣಿ ರೀ! ಹುಲಿ ಇರೋ ಪಟ್ಟಿ! ಮೂರು ವರ್ಷಕ್ಕೆ ಕಮ್ಮಿ ಇಲ್ಲ. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಸರ್ಕಾರ ಒಂದು ಅವಕಾಶ ಕೊಟ್ಟಿತ್ತು, ಇಂಥದ್ದು ಇಟ್ಕೊಂಡಿರೋರು ಘೋಷಣೆ ಮಾಡ್ಕೊಳ್ಳಿ ಅಂತ. ಮಾಡಿದ್ರಾ?"

"ಮಾರಕ್ಕಂಗೆ ಏಳಿದ್ದೆ."

ದ್ವಾರಕಾನಾಥರು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ನಿಜವಾಗ್ಲೂ ತೋಳದ್ದೇನಾ? ನನ್ನ ಹತ್ರ ಹೇಳಿ. ಬೇರೆ ಯಾತರದ್ದಾದ್ರೂ ಆಗಿದ್ರೆ ಈಗಲೇ ಒಂದು ಕಾಗದ ಬರೆದು ಬಚಾವಾಗ್ಬಹುದು."

ನಾನು ಅವರೆಕಾಯಿ ಸುಲಿದೆ. ಕೊಟ್ಟ ಮಾತು ಹಾಗಿತ್ತು. ನಾನು ಮಾತಾಡದೆ ಇದ್ದುದನ್ನು ಅವರು ಒಪ್ಪಿಗೆ ಎಂದು ತಿಳಿದು, ಬೆಂಡಾದ ಬೋಲ್ಟನ್ನು ನೋಡುವ ಹಾಗೆ ನನ್ನನ್ನು ನೋಡಿ ಎದ್ದು ಹೋದರು.

ಭಾನುವಾರ ಹನ್ನೊಂದು ಗಂಟೆಗೆ ಎರಡು ಸ್ಕೂಟರಿನಲ್ಲಿ ನಾಲ್ಕು ಜನ ಬಂದರು. ಹೊಸ ಹೀರೋನ ಅಭಿಮಾನಿಗಳ ಸಂಘ. ಮುಂದಾಳಿನ ಹೆಸರು ವಿಷ್ಣು, ಹೀರೋನ ಹಾಗೆಯೇ ಗಡ್ಡ.

"ನಮ್ ಬಾಸ್‌ನ ಕತ್ತೆ ಅಂದೋರು ಯಾರು? ಕ್ಯಾಮೆರಾ ಮುಂದೆ ಕ್ಷಮೆ ಕೇಳ್ಬೇಕು!"

"ನಾನೇ ಅಂದಿದ್ದು. ಕೇಳಲ್ಲ" ಎಂದೆ.

ಇಷ್ಟು ಬೇಗ ಉತ್ತರ ಸಿಗುತ್ತದೆ ಎಂದು ಅವರು ಅಂದುಕೊಂಡಿರಲಿಲ್ಲ. 

"ಕೇಳೋ ತನಕ ಇಲ್ಲೇ ಧರಣಿ ಕೂರ್ತೀವಿ!"

ಮಾರಕ್ಕ ಚಾಪೆ ತಂದು ಹಾಸಿದಳು. "ಕೂತ್ಕಳಿ. ಬಿಸ್ಲು ಬತ್ತದೆ, ಈ ಕಡೀಕ್ ಎಳ್ಕಳಿ" ಎಂದು ಮಜ್ಜಿಗೆ ಕೊಟ್ಟಳು. ಆಮೇಲೆ ವಿಷ್ಣುವಿನ ಮುಖವನ್ನೇ ನೋಡಿ, "ಯಾರ್ ಮಗ್ನಪ್ಪ ನೀನು?" ಎಂದಳು.

"ಕೆಳಗಿನ್ ಬೀದಿ ವೆಂಕಟಪ್ಪನ ಮೊಮ್ಮಗ, ಅಜ್ಜಿ."

"ಅಲ್ಲು ವೆಂಕಟಪ್ಪನ ಮೊಮ್ಮಗನಾ! ಓಗಿ ನಿಮ್ ತಾತನ್ನ ಕೇಳು, ನಮ್ಮನೇರನ್ನ ಕಂಡು ಎಂಗೆ ಓಡಿದ್ದ ಅಂತ. ಮಜ್ಗೆ ಕುಡ್ಕೊಂಡು ಓಗು."

ವಿಷ್ಣು ಮಜ್ಜಿಗೆ ಕುಡಿದು, ಉಳಿದ ಮೂವರನ್ನೂ ಕರೆದುಕೊಂಡು ಹೋದ. ಸಂಜೆಗೆ ವೆಂಕಟಪ್ಪ ಕೋಲೂರಿಕೊಂಡು ನಮ್ಮ ಬಾಗಿಲಿಗೆ ಬಂದ. ಎಪ್ಪತ್ತಾರು ದಾಟಿದ ಜೀವ.

"ನಲ್ಲಪ್ಪಾ, ನನ್ ಮೊಮ್ಮಗ ನಂಬಾಕಿಲ್ಲ ಕಣ್ಲಾ. ಸಿನಿಮಾ ನೋಡಿ ಯಾರಾದ್ರೂ ಅಲ್ಲು ಮುರ್ಕಂತಾರಾ ಅಂತ ನಗ್ತಾನೆ. ನೀನು ಕ್ಷಮೆ ಗಿಮೆ ಕೇಳೀಯ, ಜೋಕೆ. ನನ್ ಮರ್ವಾದೆ ಓಯ್ತದೆ" ಎಂದು ಬೆದರಿಸಿ ಹೋದ.

ಸೋಮವಾರ ಗಣರಾಜ್ಯೋತ್ಸವ, ಸರ್ಕಾರಕ್ಕೆ ರಜೆ. ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಅರಣ್ಯ ಇಲಾಖೆಯ ಜೀಪು ಬಂತು. ಹಿಂದೆ ಕೋತಿ ಹಿಡಿದು ತುಂಬುವ ಕಬ್ಬಿಣದ ಬೋನಿತ್ತು. ಅಧಿಕಾರಿಯ ಹೆಸರು ನರೇಶ್, ಚಿಕ್ಕ ವಯಸ್ಸು, ಮೆತ್ತಗಿನ ಮಾತು. ಜೊತೆಗೆ ಇಬ್ಬರು ಗಾರ್ಡುಗಳು. ಜೀಪು ಬಂದ ಸುದ್ದಿಗೆ ಬೀದಿಯೇ ಸೇರಿತು. ಎಲ್ಲಿಂದಲೋ ಸುಳಿವು ಸಿಕ್ಕಿ ನಿವೇದಿತಾ ಫೋನು ಎತ್ತಿ ಹಿಡಿದೇ ಬಂದಿದ್ದಳು. ಅಭಿಮಾನಿ ಸಂಘ ಸ್ಕೂಟರು ಇಳಿಯಿತು. ಮುರಳಿ ಕಂಪನಿಯಲ್ಲಿ ಅರ್ಧ ದಿನ ರಜೆ ಹೇಳಿ ಓಡಿ ಬಂದಿದ್ದ. ಅವನ ಮುಖ ನೋಡಿದರೆ ಅವನನ್ನೇ ಮೊದಲು ಹಿಡಿಯಬೇಕು ಅನಿಸುವಂತಿತ್ತು.

"ತಾತ, ಬೇಜಾರು ಮಾಡ್ಕೋಬೇಡಿ. ದೂರು ಬಂದಿದೆ, ನೋಡಿ ಮಹಜರ್ ಬರೀಬೇಕು. ಇಬ್ಬರು ಪಂಚರು ಬೇಕು, ಸಾಕ್ಷಿಗೆ. ಊರಿನ ಹಿರಿಯರು ಯಾರಾದ್ರೂ ಬನ್ನಿ" ಎಂದ ನರೇಶ್.

ದ್ವಾರಕಾನಾಥರು ಜೇಬಿನಲ್ಲಿ ಪೆನ್ನು ಸಿದ್ಧವಾಗಿಟ್ಟುಕೊಂಡೇ ನಿಂತಿದ್ದರು. ಇನ್ನೊಬ್ಬ ಪಂಚನಾಗಿ ವೆಂಕಟಪ್ಪ ಬಂದ.

ಟ್ರಂಕನ್ನು ಅಂಗಳಕ್ಕೆ ತಂದೆವು. ಮೇಲೆ ಮಾರಕ್ಕನ ಧಾರೆ ಸೀರೆ, ಅದರ ಕೆಳಗೆ ನುಸಿಗುಳಿಗೆ, ಅದರ ಕೆಳಗೆ ಅದು. ನರೇಶ್ ಬಗ್ಗಿ ನಾಲ್ಕು ಕೂದಲು ಹಿಡಿದು ಬೆರಳಲ್ಲಿ ಉಜ್ಜಿದ. ಮೂಸಿದ. ಒಳಮೈ ತಿರುಗಿಸಿ ಹೊಲಿಗೆ ನೋಡಿದ. ಮುಖ ಅರಳಿತು.

"ಬಚಾವಾದ್ರಿ ತಾತ! ಇದು ಕುರಿ ಕಂಬಳಿ. ಮೇಲೆ ಹೊಲಿದಿರೋದು ಮೇಕೆ ಕೂದಲು. ತೋಳ ಗೀಳ ಏನೂ ಅಲ್ಲ. ಕೇಸೇ ಇಲ್ಲ!"

ಮುರಳಿ ಕಣ್ಣೊರೆಸಿಕೊಂಡ. ವಿಷ್ಣು ತೊಡೆ ತಟ್ಟಿ, "ಲೋ ಮಗಾ, ಮೇಕೆ ಕಣೋ! ನಮ್ ಬಾಸ್‌ನ ಕತ್ತೆ ಅಂದೋರು ಮೇಕೆ ಕಣೋ!" ಎಂದು ನಕ್ಕ. ನಿವೇದಿತಾ ಫೋನಿಗೆ, "ಫ್ರೆಂಡ್ಸ್, ಬಿಗ್ ಟ್ವಿಸ್ಟ್! ಅಸಲಿ ತೋಳ ಅಸಲಿಗೆ ಮೇಕೆ!" ಎಂದಳು. ದ್ವಾರಕಾನಾಥರು ಕಂಬಳಿಯನ್ನು ಗೇಣಿನಲ್ಲಿ ಅಳೆದು, "ಐದೂವರೆ ಅಡಿ. ಹೊಲಿಗೆ ಸಮ ಇಲ್ಲ. ಇದಕ್ಕೆ ಇಡೀ ತಾಲ್ಲೂಕು ಹೆದರಿತ್ತಂತೆ! ಭಯ ಅನ್ನೋದು ಅಳತೆಗೆ ಸಿಗೋ ವಸ್ತುವೇ ಅಲ್ಲ ಕಣ್ರೀ, ಅಂದ್ರೆ ಇಲ್ಲವೇ ಇಲ್ಲ ಅಂತ ಅರ್ಥ. ರಿಜೆಕ್ಟ್!" ಎಂದರು.

ನರೇಶ್ ಹಲಗೆಯ ಮೇಲೆ ಕಾಗದ ಇಟ್ಟು ಬರೆಯಲು ಶುರು ಮಾಡಿದ. "ಸದರಿ ವಸ್ತುವು ಮೇಕೆಯ..."

"ಸ್ವಾಮಿ, ಮೇಕೆ ಅಂತ ಬರೀಬ್ಯಾಡಿ" ಎಂದೆ.

"ಮತ್ತೇನು ಬರೀಲಿ ತಾತ?"

"ತೋಳ ಅಂತ ಬರೀರಿ."

ಅವನು ಪೆನ್ನು ಇಳಿಸಿದ. "ತಾತ, ನಾನು ನಿಮ್ಮನ್ನ ಬಿಟ್ಟು ಹೋಗ್ತಾ ಇದೀನಿ. ಅರ್ಥ ಆಗ್ತಿದೆಯಾ? ತೋಳ ಅಂತ ಬರೆದ್ರೆ ನಿಮ್ಮನ್ನ ಜೀಪಲ್ಲಿ ಕೂರಿಸ್ಬೇಕು. ಮೇಕೆ ಅಂತ ಬರೆದ್ರೆ ಮನೇಲಿ ಇರ್ತೀರ. ಮೂರನೇದು ಇಲ್ಲ."

"ಅಂಗಾರೆ ಜೀಪು ತೆಗೀರಿ."

"ಅಪ್ಪಾ!" ಎಂದು ಮುರಳಿ ಕೂಗಿಕೊಂಡ. "ನಾಳೆ ನಂಗೆ ಫಸ್ಟ್ ಶಿಫ್ಟು! ಜಾಮೀನಿಗೆ ಯಾರು ಓಡಾಡ್ತಾರೆ? ಮೇಕೆ ಅಂತ ಒಂದ್ ಮಾತು ಏಳು!"

"ಏಳಲ್ಲ. ದಸ್ತಗೀರ್ ಸಾಬ್ರಿಗೆ ಮಾತ್ ಕೊಟ್ಟಿವ್ನಿ."

"ಅವ್ರು ಸತ್ತು ಮೂವತ್ತು ವರ್ಷ ಆಯ್ತಲ್ಲಪ್ಪಾ!"

"ಅದ್ಕೇ. ಬದುಕಿದ್ರೆ ಅವ್ರನ್ನೇ ಕೇಳಿ ಬಿಡುಸ್ಕೊಬೌದಿತ್ತು."

ನರೇಶ್ ಸಹಾಯಕ್ಕಾಗಿ ಮಾರಕ್ಕನ ಕಡೆ ನೋಡಿದ. ಮಾರಕ್ಕ ಸೆರಗು ಸರಿ ಮಾಡಿಕೊಂಡು, "ಎರಡು ಪಂಚೆ ಸಾಕಾ, ಮೂರು ಮಡಚಿಡ್ಲಾ?" ಎಂದು ನನ್ನನ್ನು ಕೇಳಿದಳು.

ಸರ್ಕಾರಿ ಕಾಗದಕ್ಕೆ ಮಾಲೀಕನ ಒಪ್ಪಿಗೆ ಬೇಕಿಲ್ಲ, ಪಂಚರ ರುಜು ಸಾಕು ಎಂದು ನರೇಶ್‌ಗೆ ನೆನಪಾಯಿತು. ಅವನು ಹಲಗೆಯನ್ನು ವೆಂಕಟಪ್ಪನ ಮುಂದೆ ಹಿಡಿದ. "ಅಜ್ಜ, ಇಲ್ಲಿ ಹೆಬ್ಬೆಟ್ಟು ಒತ್ತಿ. ಇದು ಮೇಕೆ ಅಂತ ನೀವು ಕಣ್ಣಾರೆ ನೋಡಿದೀರಿ."

ವೆಂಕಟಪ್ಪ ಬಾಯಿ ಅಗಲಿಸಿ ಹಲ್ಲಿಲ್ಲದ ಜಾಗಕ್ಕೆ ಬೆರಳಿಟ್ಟು ತೋರಿಸಿದ. "ನೋಡಿ ಸಾಹೇಬ್ರೆ. ನಲವತ್ತಾರು ವರ್ಸದಿಂದ ಇದು ತೋಳಕ್ಕೆ ಓಯ್ತು ಅಂತ ಏಳ್ಕಂಡು ಬಂದಿವ್ನಿ. ನನ್ ಎಂಡ್ತಿಗೂ ಅಂಗೇ ಏಳಿವ್ನಿ, ಬೀಗ್ರಿಗೂ ಅಂಗೇ ಏಳಿವ್ನಿ. ಈಗ ಮೇಕೆಗೆ ಓಯ್ತು ಅಂತ ಸರ್ಕಾರಕ್ಕೆ ಬರ್ಕೊಡ್ಲಾ? ನನ್ನೂ ಜೀಪಿಗೆ ಆಕಿ."

"ಬೇರೆ ಯಾರಾದ್ರೂ ಹಿರಿಯರು ಬನ್ನಿ" ಎಂದ ನರೇಶ್, ಬೀದಿಯ ಕಡೆ ತಿರುಗಿ. ಐವತ್ತು ದಾಟಿದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬ ಮುದುಕಿಯಂತೂ, "ನಾನ್ ಅವತ್ತು ಟೆಂಟಿಂದ ಓಡ್ವಾಗ ಕೂಸ್ನೇ ಬಿಟ್ ಓಡಿದ್ದೆ ಕಣಪ್ಪ. ಮೇಕೆಗೆ ಎದ್ರಿ ಕೂಸ್ ಬಿಟ್ಟೋಳು ಅಂತ ಅನ್ನುಸ್ಕೊಳ್ಲಾ?" ಎಂದು ಮನೆಯೊಳಗೆ ಹೋಗಿ ಅಗುಳಿ ಹಾಕಿಕೊಂಡಳು. ಕೂಸು ಅಲ್ಲೇ ನಿಂತಿತ್ತು. ಅದಕ್ಕೆ ಈಗ ನಲವತ್ತೇಳು ವರ್ಷ, ತಲೆಯಲ್ಲಿ ಕೂದಲಿಲ್ಲ.

ವಿಷ್ಣುವಿನ ಗುಂಪು ಇದನ್ನೆಲ್ಲ ನೋಡಿ ಹೊಟ್ಟೆ ಹಿಡಿದು ನಗುತ್ತಿತ್ತು. "ಮ್ಯಾ" ಎಂದು ಒಬ್ಬ ಕೂಗಿದ. ಇನ್ನೊಬ್ಬ "ಮ್ಯಾ ಮ್ಯಾ" ಎಂದ. ದ್ವಾರಕಾನಾಥರೂ ಸಣ್ಣಗೆ ನಕ್ಕರು.

ನಾನು ಟ್ರಂಕಿನಿಂದ ಅದನ್ನು ಎತ್ತಿಕೊಂಡೆ. "ಸ್ವಾಮಿ, ಐದು ನಿಮಿಷ ಕೊಡಿ. ಮಾಲು ನೋಡ್ದೆ ಬರೀಬಾರ್ದು" ಎಂದು ಹಿತ್ತಲಿಗೆ ಹೋದೆ. ಗಾರ್ಡು ತಡೆಯಲು ಬಂದ. ಮಾರಕ್ಕ ಅಡ್ಡ ನಿಂತಳು.

ಅರವತ್ತೆಂಟು ವರ್ಷಕ್ಕೆ ನಾಲ್ಕು ಕಾಲಲ್ಲಿ ನಡೆಯುವುದು ಸುಲಭವಲ್ಲ. ಎಡ ಮಂಡಿ ಕಿರ್ ಎನ್ನುತ್ತದೆ. ಆದರೆ ದಸ್ತಗೀರ್ ಸಾಬರು ಕಲಿಸಿದ್ದು ಮೈಯಲ್ಲಿತ್ತು. ಅವರು ಹೇಳುತ್ತಿದ್ದರು: ಹಾರಬೇಡ, ಹಾರುವುದು ಸರ್ಕಸ್ಸು. ಗುರ್ ಅನ್ನಬೇಡ, ಗುರ್ ಅನ್ನುವುದು ನಾಯಿ. ತೋಳ ಸುಮ್ಮನೆ ಬರುತ್ತದೆ. ಬಂದು ನಿಲ್ಲುತ್ತದೆ. ಗುಂಪಿನಲ್ಲಿ ಒಬ್ಬನನ್ನು ಆರಿಸಿಕೋ. ಏಳು ಎಣಿಸು. ಆಮೇಲೆ ಮೈ ಅಲ್ಲಾಡಿಸದೆ ತಲೆಯನ್ನು ಮಾತ್ರ ಅವನ ಕಡೆ ತಿರುಗಿಸು. ಅಷ್ಟೇ.

ನಮ್ಮ ಗೋಡೆಗೂ ದ್ವಾರಕಾನಾಥರ ಕಾಂಪೌಂಡಿಗೂ ನಡುವೆ ಒಂದು ಓಣಿ ಇದೆ. ಅಲ್ಲಿಂದ ಬಂದೆ.

ಮೊದಲು ಸುಮ್ಮನಾದದ್ದು ಬೀದಿನಾಯಿ. ಜೀಪು ಬಂದಾಗಿನಿಂದ ಬೊಗಳುತ್ತಿದ್ದದ್ದು ಅರ್ಧ ಬೊಗಳಿಗೇ ನಿಲ್ಲಿಸಿ, ಬಾಲ ಮುದುರಿ ಜೀಪಿನ ಕೆಳಗೆ ಸೇರಿತು. ನಾಯಿ ಸುಮ್ಮನಾದದ್ದಕ್ಕೆ ಜನ ತಿರುಗಿದರು. "ಮ್ಯಾ" ಎನ್ನುತ್ತಿದ್ದವನ ಬಾಯಿ ತೆರೆದೇ ಉಳಿಯಿತು. ನಾಲ್ಕು ಗಂಟೆಯ ಒಳ್ಳೇ ಬಿಸಿಲು. ಎಲ್ಲರಿಗೂ ಒಳಗಿರುವುದು ನಲ್ಲಪ್ಪ ಎಂದು ಗೊತ್ತು, ಹೊದ್ದಿರುವುದು ಏನು ಎಂದೂ ಗೊತ್ತು. ನಾನು ಓಣಿಯ ಬಾಯಲ್ಲಿ ನಿಂತೆ. ದ್ವಾರಕಾನಾಥರನ್ನು ಆರಿಸಿಕೊಂಡೆ. ಏಳು ಎಣಿಸಿದೆ. ತಲೆ ತಿರುಗಿಸಿದೆ.

ದ್ವಾರಕಾನಾಥರ ಕೈಯಿಂದ ಪೆನ್ನು ಬಿತ್ತು.

ಒಂದು ಹೆಜ್ಜೆ ಮುಂದಿಟ್ಟೆ.

ಆಮೇಲೆ ಆದದ್ದನ್ನು ನಾನು ಕಂಬಳಿಯ ಎರಡು ತೂತುಗಳಿಂದ ಕಂಡಷ್ಟು ಹೇಳುತ್ತೇನೆ. ದ್ವಾರಕಾನಾಥರು "ಅಮ್ಮಾ" ಎಂದು, ಕಾರ್ಖಾನೆ ಸೇರುವ ಮುಂಚಿನ ದನಿಯಲ್ಲಿ ಕೂಗಿ, ಎದುರಿಗೆ ಕಂಡ ಮೊದಲ ಬಾಗಿಲೊಳಗೆ ನುಗ್ಗಿ ಎಳೆದುಕೊಂಡರು. ಅದು ಕೋತಿಯ ಬೋನು. ಗಾರ್ಡುಗಳು ಇಬ್ಬರೂ ಜೀಪಿನ ಒಂದೇ ಬಾಗಿಲಿನಿಂದ ಒಟ್ಟಿಗೆ ಹತ್ತಲು ಹೋಗಿ ಸಿಕ್ಕಿಕೊಂಡರು. ಅಭಿಮಾನಿ ಸಂಘದ ಮೂವರು ಸ್ಕೂಟರು ಬಿಟ್ಟು ಗುಡಿಯ ಕಡೆ ಓಡಿದರು. ವಿಷ್ಣು ಮಾತ್ರ ಗುಡಿಯ ಕಡೆ ಓಡಲಿಲ್ಲ. ಅವನು ಆಮೇಲೆ ನಮ್ಮ ಅಡುಗೆಮನೆಯ ರಾಗಿ ಡ್ರಮ್ಮಿನ ಹಿಂದೆ ಸಿಕ್ಕಿದ. ನಿವೇದಿತಾ ಚಪ್ಪಲಿಯನ್ನೂ ಫೋನನ್ನೂ ಬಿಟ್ಟಿದ್ದಳು. ಫೋನು ಅಂಗಾತ ಬಿದ್ದು ನಾಲ್ಕು ನಿಮಿಷ ಆಕಾಶವನ್ನು ಚಿತ್ರೀಕರಿಸಿತ್ತು. ಮುರಳಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ, ತೆಂಗಿನ ಮರ ತಬ್ಬಿಕೊಂಡಿದ್ದ.

ಓಡದೆ ನಿಂತವರು ಮೂವರು. ನರೇಶ್, ಏಕೆಂದರೆ ಅವನ ಕಾಲು ಬರಲಿಲ್ಲ. ಮಾರಕ್ಕ. ಮತ್ತೆ ವೆಂಕಟಪ್ಪ. ಅವನು ಕೋಲು ಎಸೆದು ಚಪ್ಪಾಳೆ ತಟ್ಟುತ್ತಿದ್ದ. "ಅದೇ! ಅದೇ ಕಣ್ಲಾ! ಅವತ್ತೂ ಇಂಗೇ ತಿರುಗ್ತು!" ಎಂದು ಅಳುತ್ತ ನಗುತ್ತಿದ್ದ.

ನಾನು ಕಂಬಳಿ ತೆಗೆದು ಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಂಡೆ. ನರೇಶ್ ನೀರು ಕೇಳಿದ. ಎರಡು ಚೊಂಬು ಕುಡಿದ. ಬರೆದಿದ್ದ ಕಾಗದವನ್ನು ನೋಡಿದ, ಹರಿದ, ಇನ್ನೊಂದು ತೆಗೆದ. ಸ್ವಲ್ಪ ಹೊತ್ತು ಪೆನ್ನು ಕಚ್ಚಿದ. ಆಮೇಲೆ ಬರೆದು ಗಟ್ಟಿಯಾಗಿ ಓದಿದ:

"'ಸದರಿ ವಸ್ತುವು ನಾಟಕ ಸಿನಿಮಾಗಳಲ್ಲಿ ಉಪಯೋಗಿಸುವ, ಕೈಯಲ್ಲಿ ಹೊಲಿದ ಉಡುಪು. ಕಾಡುಪ್ರಾಣಿಯ ಯಾವುದೇ ಭಾಗ ಇದರಲ್ಲಿ ಇಲ್ಲ. ಪರೀಕ್ಷಿಸಿ ಮಾಲೀಕರಿಗೆ ಹಿಂದಿರುಗಿಸಲಾಗಿದೆ.' ಆಯ್ತಾ ತಾತ?"

"ಮೇಕೆ ಎಲ್ಲಾದ್ರೂ ಬತ್ತದಾ?" ಎಂದು ವೆಂಕಟಪ್ಪ ಕೇಳಿದ.

"ಇಲ್ಲ ಅಜ್ಜ."

"ಇನ್ನೊಂದ್ಸಲ ಓದಿ."

ಅವನು ಇನ್ನೊಂದು ಸಲ ಓದಿದ. ವೆಂಕಟಪ್ಪ ಹೆಬ್ಬೆಟ್ಟು ಒತ್ತಿದ. ಎರಡನೇ ಪಂಚರು ಬೋನಿನಲ್ಲಿದ್ದರು. ಅಗುಳಿ ಹೊರಗಿನಿಂದ ಬಿದ್ದು ಬಿಗಿಯಾಗಿತ್ತು, ಗಾರ್ಡು ಕಲ್ಲಿನಲ್ಲಿ ಬಡಿಯುತ್ತಿದ್ದ. ಹೊತ್ತಾಗುತ್ತದೆ ಎಂದು ನರೇಶ್ ಹಲಗೆಯನ್ನು ಸರಳುಗಳ ನಡುವೆಯೇ ತೂರಿಸಿದ. ದ್ವಾರಕಾನಾಥರು ಓದದೆ ರುಜು ಹಾಕಿದರು. ಮೂವತ್ತಾರು ವರ್ಷದ ಸರ್ವೀಸಿನಲ್ಲಿ ಅವರು ನೋಡದೆ ಪಾಸು ಮಾಡಿದ ಮೊದಲ ಮಾಲು ಅದು.

ನಿವೇದಿತಾ ಚಪ್ಪಲಿ ಹುಡುಕಿಕೊಂಡು ಬಂದು, "ತಾತ, ಪ್ಲೀಸ್, ಇನ್ನೊಂದ್ಸಲ ಮಾಡಿ, ರೆಕಾರ್ಡೇ ಆಗಿಲ್ಲ" ಎಂದಳು.

"ಇಲ್ಲವ್ವ. ನೋಡ್ದೋರು ನೋಡುದ್ರು."

"ನಾನು ಜನಕ್ಕೆ ಏನು ಹೇಳ್ಲಿ?"

"ಭಯ ಆಯ್ತಾ?"

ಅವಳು ಸುಳ್ಳು ಹೇಳಲು ಬಾಯಿ ತೆರೆದು ಮುಚ್ಚಿದಳು. "ಆಯ್ತು ತಾತ."

"ಅಷ್ಟೇ ಏಳು."

ವಿಷ್ಣು ಡ್ರಮ್ಮಿನ ಹಿಂದಿನಿಂದ ಎದ್ದು ಬಂದು, ಮೈಗೆ ಅಂಟಿದ ರಾಗಿಹಿಟ್ಟು ಕೊಡವಿಕೊಂಡು, ತನ್ನ ತಾತನ ಕೋಲನ್ನು ಎತ್ತಿಕೊಟ್ಟ. ಕ್ಷಮೆಯ ಮಾತನ್ನು ಯಾರೂ ಎತ್ತಲಿಲ್ಲ. "ಬಾ ತಾತ" ಎಂದು ಅವನ ಕೈ ಹಿಡಿದು ನಡೆಸಿಕೊಂಡು ಹೋದ. ಹೋಗುತ್ತ ವೆಂಕಟಪ್ಪನ ದನಿ ಬೀದಿ ತಿರುವಿನ ತನಕ ಕೇಳುತ್ತಿತ್ತು: "ನಾನಾದ್ರೂ ಕತ್ಲಲ್ಲಿ ಓಡ್ದೆ ಕಣ್ಲಾ ಮಗ. ನೀನು ಆಡಾಗಲು ಓಡ್ದೆ."

ಜೀಪು ಐದೂವರೆಗೆ ಹೋಯಿತು.

ಮಾರನೇ ದಿನ ಬೆಳಿಗ್ಗೆ ಏಳಕ್ಕೇ ದ್ವಾರಕಾನಾಥರ ಗೇಟು ಸದ್ದಾಯಿತು. ಕೈಯಲ್ಲಿ ದೊಡ್ಡ ಸೂಟ್‌ಕೇಸು, ಭುಜದಲ್ಲಿ ಚೀಲ, ಕಂಕುಳಲ್ಲಿ ದಿಂಬು. ಮಾರಕ್ಕ ರಂಗೋಲಿ ಇಡುತ್ತಿದ್ದಳು.

"ಎಲ್ಲಿಗೆ ಸಾರ್, ಇಷ್ಟೊತ್ಗೇ?"

"ವೈಟ್‌ಫೀಲ್ಡಿಗೆ. ಮಗಳು ಸಮನ್ವಿತಾ ಮನೆಗೆ. ಬಾಲ್ಕನಿಗೆ ಗ್ರಿಲ್ಲು ಹಾಕಿಸ್ತಿದಾಳಂತೆ, ಅಳತೆ ನೋಡ್ಬೇಕು."

"ಯಾವಾಗ್ ಬರಾದು?"

"ಸೋಮವಾರ" ಎಂದರು, ನಮ್ಮ ಓಣಿಯ ಕಡೆ ನೋಡದೆ. "ಸೋಮವಾರ ಬೆಳಕು ಹರಿದ ಮೇಲೆ."

ಮಾರಕ್ಕ ಒಳಗೆ ಬಂದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ನೋಡಿದಳು. ಹುಣ್ಣಿಮೆ ಇದ್ದದ್ದು ಭಾನುವಾರ. ದ್ವಾರಕಾನಾಥರು ಬುಧವಾರವೇ ಹೋದರು.